ಮೂರು ಕೊಂಡಿ ಕಡಿಮೆ

ಜನವರಿ ೮

ಸಮಸ್ತ ಭೂಮಂಡಲವನ್ನು ಇಪ್ಪತ್ತು ಮೀಟರಿನ ಸರಪಳಿಯಿಂದ ಕಟ್ಟಿ ಎಳೆದು ಅಳೆದಂಥ, ಗಡಿಕಲ್ಲುಗಳೂ ಕಂಡ ಕೂಡಲೆ ನೆಟ್ಟಗೆ ನಿಲ್ಲುವಂಥ, ಜಗಳಗಂಟ ನೆರೆಹೊರೆಯವರ ನಡುವೆ ನಿಂತು ಒಂದು ಗೇಣೂ ಅತ್ತಿತ್ತ ಸರಿಯದಂಥ, ಮಂಡಿನೋವಿನ ಎದುರಲ್ಲೂ ಮೀಸೆ ತಗ್ಗಿಸದಂಥ, ನಿವೃತ್ತ ಭೂಮಾಪಕ ಸಾರ್ವಭೌಮರೂ ನನ್ನ ತಾಯಿಯ ತಂದೆಯೂ ಆದ ತಮ್ಮ ಎರಡೂ ಪಾದಗಳಿಗೆ (ಎಡಗಾಲು ಊದಿದೆಯೆಂದು ಚಿಕ್ಕಮ್ಮ ವರದಿ ಮಾಡಿರುವುದರಿಂದ ಅದಕ್ಕೆ ಸ್ವಲ್ಪ ಹಗುರವಾಗಿ) ನಮಸ್ಕರಿಸಿ, ಮೊಮ್ಮಗಳೆಂಬ ಅಲ್ಪಜೀವಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನನಗೆ ಕೆಲಸ ಸಿಕ್ಕಿದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಳೆದ ಸಲ ಮಾತಾಡಿದ ಹನ್ನೊಂದು ನಿಮಿಷದಲ್ಲಿ ತಾವು ಒಂಬತ್ತು ಸಲ “ಏನು?” ಎಂದಿರಿ, ನಾನು ಒಂಬತ್ತು ಸಲ “ಏನಿಲ್ಲ” ಎಂದೆ. ತಮ್ಮ ಕಿವಿಗಿಂತ ಕನ್ನಡಕ ಗಟ್ಟಿಯಾಗಿರುವುದರಿಂದ ಇನ್ನು ಮುಂದೆ ರಾಜ್ಯಭಾರವೆಲ್ಲ ಅಂಚೆಯಲ್ಲೇ ನಡೆಯತಕ್ಕದ್ದು.

ಕೆಲಸ ಒಂದು ಸೇವಾಸಂಸ್ಥೆಯಲ್ಲಿ. ಇಲ್ಲಿ ಗುಜರಿ ಶೆಡ್ಡುಗಳ ಉದ್ದನೆಯ ಸಾಲಿದೆ. ಕಬ್ಬಿಣ, ತಾಮ್ರ, ಪ್ಲಾಸ್ಟಿಕ್ಕು ಬೇರೆ ಮಾಡುವವರ ಮಕ್ಕಳು ಶಾಲೆಗೆ ಹೋಗುವ ಬದಲು ಅಪ್ಪ ಅಮ್ಮನ ಪಕ್ಕ ಕೂತು ತಾವೂ ಬೇರೆ ಮಾಡುತ್ತಾರೆ. ನಮ್ಮ ಸಂಸ್ಥೆಯ ಉಪಾಯ ಇಷ್ಟೇ: ಬೆಳಿಗ್ಗೆ ಶಾಲೆಗೆ ಹೋಗಿ ಟೀಚರ ಸಹಿ ಇರುವ ಚೀಟಿ ತಂದರೆ ಸಂಜೆ ಷೂ ಕೊಡುತ್ತೇವೆ, ಓಡಬಹುದು. ಚೀಟಿ ಇಲ್ಲದವರು ಗೋಡೆ ಮೇಲೆ ಕೂತು ಬೇರೆಯವರು ಓಡುವುದನ್ನು ನೋಡಬೇಕು. ಗೋಡೆ ಮೇಲೆ ಎರಡು ದಿನಕ್ಕಿಂತ ಹೆಚ್ಚು ಕೂತ ಮಗುವನ್ನು ನಾನಿನ್ನೂ ಕಂಡಿಲ್ಲ.

ಇಲ್ಲಿ ನಾನು ಸಲಕರಣೆ ಕೋಣೆಯ ಉಸ್ತುವಾರಿ. ಐವತ್ತೆರಡು ಮಕ್ಕಳಿಗೆ ಮೂವತ್ತೊಂದು ಜೊತೆ ಷೂ. ಮೊದಲ ಪಾಳಿಯವರು ಬಿಚ್ಚಿದ್ದನ್ನು ಎರಡನೇ ಪಾಳಿಯವರು ಬಿಸಿಬಿಸಿಯಾಗಿಯೇ ಹಾಕಿಕೊಳ್ಳುತ್ತಾರೆ. ಆ ಕೋಣೆಯ ವಾಸನೆಯನ್ನು ವರ್ಣಿಸುವ ಶಕ್ತಿ ನನ್ನ ಲೇಖನಿಗಿಲ್ಲ. ಓಟ ಶುರು ಮಾಡಿಸುವ ಸೀಟಿಯೂ ನನ್ನದೇ. ಅದನ್ನು ಕೊರಳಿಗೆ ನೇತುಹಾಕಲು ಒಂದು ಕೊಕ್ಕೆ ಬೇಕಾಗಿತ್ತು. ಬೇಸಿಗೆ ರಜೆಯಲ್ಲಿ ತಮ್ಮ ಅಂಗಳದ ತುಂಬ ನಾನು ಸೈಕಲ್ ರಿಮ್ಮು ಉರುಳಿಸಿಕೊಂಡು ಓಡುತ್ತಿದ್ದೆನಲ್ಲ, ಆ ರಿಮ್ಮು ತಳ್ಳುವ ತಂತಿಕೋಲಿನ ತುದಿ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದೇ ಈಗ ನನ್ನ ಅಧಿಕಾರಮುದ್ರೆ.

ಈಗ ಮುಖ್ಯ ವಿಷಯ. ಹನ್ನೆರಡು ವರ್ಷದ ಒಬ್ಬಳಿದ್ದಾಳೆ. ಗುಜರಿಯಲ್ಲಿ ತಂತಿ ಸುಲಿಯುವುದರಲ್ಲಿ ಗಟ್ಟಿಗಿತ್ತಿ, ನೋಡಲೂ ತಂತಿಯಂತೆಯೇ. ಹಾಗಾಗಿ ಎಲ್ಲರೂ ಅವಳನ್ನು ತಂತಿ ಎನ್ನುತ್ತಾರೆ. ಓಡಿದಳೆಂದರೆ ಓಟ ಕಲಿಸುವ ನಮ್ಮ ಕೋಚಮ್ಮ ಮಾತು ನಿಲ್ಲಿಸುತ್ತಾರೆ, ಇದು ಸಣ್ಣ ಸಂಗತಿಯಲ್ಲ. ಕ್ರೀಡಾ ವಸತಿಶಾಲೆಯೊಂದು ಮಕ್ಕಳನ್ನು ಆರಿಸಿಕೊಳ್ಳುತ್ತದೆ. ಅಲ್ಲೇ ಊಟ, ಅಲ್ಲೇ ಓದು, ಅಲ್ಲೇ ತರಬೇತಿ. ಇನ್ನೂರು ಮೀಟರನ್ನು ಇಪ್ಪತ್ತೊಂಬತ್ತು ಸೆಕೆಂಡಿನೊಳಗೆ ಓಡಿದ್ದಾಳೆಂದು ನಾವು ಬರೆದು ಕಳಿಸಿದರೆ ಪರೀಕ್ಷೆಗೆ ಕರೆಯುತ್ತಾರೆ. ತಂತಿಯ ಅಪ್ಪ “ಆಯ್ಕೆ ಆದ್ರೆ ಕಳಿಸ್ತೀನಿ, ಆಗಲಿಲ್ಲ ಅಂದ್ರೆ ಶೆಡ್ಡಿಗೆ ಬರ್ಲಿ, ಓಡಿದ್ದು ಸಾಕು” ಎಂದಿದ್ದಾರೆ.

ನಮ್ಮ ಮೈದಾನವೆಂದರೆ ಮುಚ್ಚಿಹೋದ ಗೂಡ್ಸ್ ಯಾರ್ಡಿನ ಗೋಡೆಗುಂಟ ಒಂದು ನೇರ ಪಟ್ಟಿ. ಅದರಲ್ಲಿ ಇನ್ನೂರು ಮೀಟರ್ ಎಲ್ಲಿ ಮುಗಿಯುತ್ತದೆಂದು ದೇವರಿಗೂ ಗೊತ್ತಿಲ್ಲ. ಸಂಸ್ಥೆಯ ಅಳತೆ ಟೇಪನ್ನು ಮಕ್ಕಳು ನಾಲ್ಕು ತುಂಡು ಮಾಡಿ ಹಗ್ಗದಾಟ ಆಡಿದ್ದಾರೆ.

ಆದಕಾರಣ, ಪಡಸಾಲೆಯ ಮೊಳೆಗೆ ನೇತುಬಿದ್ದಿರುವ ತಮ್ಮ ಸರಪಳಿ ಮಹಾರಾಣಿಯನ್ನು ಈ ಕಡೆ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ಆಜ್ಞಾನುವರ್ತಿ,
ಸಲಕರಣೆ ಕೋಣೆಯ ಒಡತಿ

*

ಜನವರಿ ೧೭

ಪುಟ್ಟ ಕಪಿಗೆ,

ಕಾಗದ ತಲುಪಿತು. ಎಡಗಾಲಲ್ಲ, ಬಲಗಾಲು ಊದಿರುವುದು. ನಿನ್ನ ಚಿಕ್ಕಮ್ಮ ಎದುರಿಗೆ ನಿಂತು ನೋಡುವವಳು, ಅವಳಿಗೆ ಎಡಬಲ ಅದಲುಬದಲು.

ಸರಪಳಿಯನ್ನು ಗೋಣಿಯಲ್ಲಿ ಸುತ್ತಿ, ಅವಳ ಆಫೀಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ದಪ್ಪ ತಂತಿಯ ನೂರು ನೇರ ಕೊಂಡಿ, ತುದಿ ಬಾಗಿಸಿ ಬಳೆಗಳಿಂದ ಕೂಡಿಸಿದ್ದು, ಒಂದೊಂದು ಇಪ್ಪತ್ತು ಸೆಂಟಿಮೀಟರ್. ಮೀಟರಿಗೊಂದು ಹಿತ್ತಾಳೆ ಉಂಗುರ, ಐದು ಮೀಟರಿಗೊಂದು ಹಿತ್ತಾಳೆ ಬಿಲ್ಲೆ. ಎರಡು ಕಡೆಯೂ ಹಿಡಿ. ಹಿಡಿಯ ಹೊರ ಅಂಚಿನಿಂದ ಹೊರ ಅಂಚಿಗೆ ಲೆಕ್ಕ.

ಅಳೆಯುವ ಮೊದಲು ಪರೀಕ್ಷೆ ಮಾಡು. ಯಾವುದಾದರೂ ಬಡಗಿಯ ಹತ್ತಿರ ಉಕ್ಕಿನ ಟೇಪ್ ಇರುತ್ತದೆ, ಐದು ಮೀಟರಿನದು. ನಾಲ್ಕು ಸಲ ಇಟ್ಟು ಇಪ್ಪತ್ತು ಮೀಟರಿಗೆ ಎರಡು ಗೂಟ ಹೊಡೆ. ಅವುಗಳ ನಡುವೆ ಸರಪಳಿ ಎಳೆದು ನೋಡು. ನಾವು ಆಫೀಸಿನ ಮುಂದೆ ಇದಕ್ಕೆಂದೇ ಎರಡು ಕಲ್ಲು ನೆಟ್ಟಿದ್ದೆವು. ಪ್ರತಿ ತಿಂಗಳ ಮೊದಲ ದಿನ ಪರೀಕ್ಷೆ, ಪುಸ್ತಕದಲ್ಲಿ ಸಹಿ. ಪರೀಕ್ಷೆ ಮಾಡದ ಸರಪಳಿ ಬರೀ ಕಬ್ಬಿಣ.

ಮೂವತ್ತೊಂದು ವರ್ಷ ಅದು ನನ್ನ ಕೈಯಲ್ಲಿ ಇತ್ತು. ಟೇಪುಗಳು ಬಂದ ಮೇಲೆ ಆಫೀಸಿನವರು ಗುಜರಿಗೆ ಹಾಕಲು ಹೊರಟಿದ್ದರು, ಕೇಳಿ ತಂದೆ. ಅಂದಿನಿಂದ ಮೊಳೆ ಬಿಟ್ಟು ಇಳಿದಿಲ್ಲ. ತುಳಿಯಬೇಡ. ಮಕ್ಕಳ ಕೈಗೆ ಕೊಡಬೇಡ. ಗಂಟು ಬಿದ್ದರೆ ಎಳೆದಾಡಬೇಡ.

ನಿನ್ನ ಆ ರಿಮ್ಮಿನ ಸದ್ದಿಗೇ ನನ್ನ ಕಿವಿ ಹೋದದ್ದು.

ಆ ಹುಡುಗಿ ಬರಿಗಾಲಲ್ಲಿ ಎಷ್ಟಕ್ಕೆ ಓಡುತ್ತಾಳೆ, ಷೂ ಹಾಕಿ ಎಷ್ಟಕ್ಕೆ? ಬರೆ.

ತಾತ

*

ಫೆಬ್ರವರಿ ೨

ಅಖಂಡ ಅಳತೆ ಸಾಮ್ರಾಜ್ಯದ ಚಕ್ರವರ್ತಿಗಳಿಗೆ,

ಮಹಾರಾಣಿಯವರು ಸುಖವಾಗಿ ಬಿಜಯಂಗೈದರು. ಚಿಕ್ಕಮ್ಮನ ಆಫೀಸಿನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಂದರಂತೆ. ಡ್ರೈವರಣ್ಣ “ಇದೇನಮ್ಮ, ಆನೆ ಕಟ್ಟಾಕೋದಾ?” ಎಂದು ಕೇಳಿದರು. “ಇಲ್ಲಣ್ಣ, ಹುಡುಗೀನ ಬಿಡಿಸೋದು” ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೆ ಗೌರವದಿಂದ ಹೋದರು.

ಭಾನುವಾರ ಬೆಳಿಗ್ಗೆ ಅಳತೆ ಮಹೋತ್ಸವ. ಕೋಚಮ್ಮ ಅಧ್ಯಕ್ಷರು. ನಾನು ಮುಂದಿನ ಹಿಡಿ, ಸಂಸ್ಥೆಯ ಲೆಕ್ಕದ ಮೇಡಂ ಹಿಂದಿನ ಹಿಡಿ. ಐವತ್ತೆರಡು ಮಕ್ಕಳು ಗೋಡೆ ಮೇಲೆ ಸಾಲಾಗಿ ಕೂತು ಪ್ರತಿ ಸರಪಳಿಗೂ “ಒಂದೂ… ಎರಡೂ…” ಎಂದು ಕೂಗಿದರು. ಐದಕ್ಕೆ ನೂರು ಮೀಟರಿನ ಗೂಟ, ಹತ್ತಕ್ಕೆ ಇನ್ನೂರರ ಗೂಟ. ಗೂಟದ ತಲೆಗೆ ಕೆಂಪು ಬಣ್ಣ. ಕೋಚಮ್ಮ ಗೂಟವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ತಂತಿ ನೆಲಕ್ಕೆ ಬಗ್ಗಿ ಸರಪಳಿಯನ್ನೇ ನೋಡುತ್ತಿದ್ದಳು. ಮುಟ್ಟಬೇಡ ಎಂದೆ, ತಾತನ ಆಜ್ಞೆ. “ಮುಟ್ಟಲ್ಲ ಅಕ್ಕ. ಒಳ್ಳೇ ಮಾಲು. ಈಗ ಇಂಥ ಕಬ್ಬಿಣ ಬರಲ್ಲ” ಎಂದಳು, ನಲವತ್ತು ವರ್ಷ ವ್ಯಾಪಾರ ಮಾಡಿದವಳ ಹಾಗೆ.

ಆಮೇಲೆ ಓಡಿದಳು. ನಾನು ಸೀಟಿ ಊದಿದ್ದು ಗೊತ್ತು, ಉಸಿರು ಬಿಟ್ಟದ್ದು ಗೊತ್ತಿಲ್ಲ. ಷೂ ಹಾಕಿ ಇಪ್ಪತ್ತೆಂಟು ಸೆಕೆಂಡು, ಆರು ಹತ್ತಂಶ! ಕೋಚಮ್ಮ ಇನ್ನೊಂದು ಸಲ ಓಡಿಸಿದರು. ಅದೇ. ಬರಿಗಾಲಲ್ಲಿ ಇಪ್ಪತ್ತೊಂಬತ್ತು ಚಿಲ್ಲರೆ. ತಾವು ಕೇಳಿದ್ದಕ್ಕೇ ಅದನ್ನೂ ಓಡಿಸಿದ್ದು. “ನಿಮ್ಮ ತಾತಂಗೆ ಯಾಕಂತೆ ಬರಿಗಾಲಿಂದು?” ಎಂದಳು ತಂತಿ. “ತಾತ ಎಲ್ಲವನ್ನೂ ಎರಡೆರಡು ಸಲ ಅಳೆಯೋರು” ಎಂದೆ.

ಅರ್ಜಿ ಹೋಯಿತು. ತಂತಿಯ ಜೊತೆ ನೂರು ಮೀಟರಿನ ಮೂವರ ಅರ್ಜಿಯೂ. ಅದರಲ್ಲಿ ಒಂದು ಸಾಲಿತ್ತು: “ಓಟದ ಪಟ್ಟಿಯನ್ನು ಅಳೆದು ದೃಢಪಡಿಸಿದವರು.” ಅಲ್ಲಿ ನಾನು ಸಹಿ ಮಾಡಿದೆ, ತಮ್ಮ ಹಾಗೆಯೇ ಕೆಳಗೆ ಎರಡು ಗೆರೆ ಎಳೆದು.

ವಂಶೋದ್ಧಾರಕಿ

*

ಫೆಬ್ರವರಿ ೧೦

ಪುಟ್ಟ ಕಪಿಗೆ,

ಕಾಗದವನ್ನು ಮೂರು ಸಲ ಓದಿದೆ. ಒಂದು ಸಲ ಚಿಕ್ಕಮ್ಮನಿಗೆ ಓದಿ ಹೇಳಿದೆ. ಆನೆಯ ಮಾತಿಗೆ ಅವಳು ನಕ್ಕು ನಕ್ಕು ಕೆಮ್ಮಿದಳು.

ಒಂದು ವಿಷಯ ಸಿಗಲಿಲ್ಲ. ಗೂಟದ ಬಣ್ಣ ಬರೆದಿದ್ದೀಯ, ಯಾರು ಯಾವ ಹಿಡಿ ಹಿಡಿದರೆಂದು ಬರೆದಿದ್ದೀಯ. ಪರೀಕ್ಷೆ ಮಾಡಿದ್ದನ್ನು ಬರೆದಿಲ್ಲ.

ಮಾಡಿದ್ದೀಯ ತಾನೆ?

ತಾತ

*

ಮಾರ್ಚ್ ೬

ಪೂಜ್ಯ ಭೂಮಾಪಕರಿಗೆ,

ತಡವಾದದ್ದಕ್ಕೆ ಕ್ಷಮೆ ಇರಲಿ. ಸಲಕರಣೆ ಕೋಣೆಯಲ್ಲಿ ಕೆಲಸ ಹೆಚ್ಚು. ಷೂಗಳಿಗೆ ಬಿಸಿಲು ತೋರಿಸಬೇಕಿತ್ತು.

ಒಂದು ವೈಜ್ಞಾನಿಕ ಸಂದೇಹ ತಮ್ಮ ಮುಂದಿಡುತ್ತಿದ್ದೇನೆ. ಕಬ್ಬಿಣ ಚಳಿಗೆ ಕುಗ್ಗುತ್ತದೆಂದು ಶಾಲೆಯಲ್ಲಿ ಓದಿದ ನೆನಪು. ಎಷ್ಟು ಕುಗ್ಗಬಹುದು? ಉದಾಹರಣೆಗೆ, ಇಪ್ಪತ್ತು ಮೀಟರಿನ ಒಂದು ಸರಪಳಿ, ಚಳಿಗಾಲದ ಬೆಳಿಗ್ಗೆ, ಅರುವತ್ತು ಸೆಂಟಿಮೀಟರಿನಷ್ಟು ಕುಗ್ಗಬಹುದೇ? ಸುಮ್ಮನೆ ಕೇಳಿದೆ.

ಸುಮ್ಮನೆ ಅಲ್ಲ ತಾತ.

ಇಪ್ಪತ್ತೇಳನೇ ತಾರೀಕು ವಸತಿಶಾಲೆಯ ಮೈದಾನದಲ್ಲಿ ಪರೀಕ್ಷೆ ಇತ್ತು. ನಮ್ಮ ನಾಲ್ಕು ಮಕ್ಕಳೂ ಹೋದರು, ಬಾಡಿಗೆ ವ್ಯಾನಿನಲ್ಲಿ ಹಾಡು ಹೇಳಿಕೊಂಡು. ತಂತಿ ಇಪ್ಪತ್ತೊಂಬತ್ತೂವರೆಯಲ್ಲಿ ಓಡಿದಳು. ಪಟ್ಟಿಯಲ್ಲಿ ಹೆಸರಿಲ್ಲ. ಅಲ್ಲಿನ ತರಬೇತುದಾರರು ನಮ್ಮ ಅರ್ಜಿಯನ್ನು ನೋಡಿ, ಅವಳನ್ನು ನೋಡಿ, ಕೋಚಮ್ಮನಿಗೆ “ಮಕ್ಕಳ ವಿಷಯದಲ್ಲಿ ಸ್ವಲ್ಪ ನಿಜ ಬರೀಬೇಕು ಮೇಡಂ” ಎಂದರು. ಕೋಚಮ್ಮನ ಮುಖವನ್ನು ನಾನು ಹಾಗೆ ಯಾವತ್ತೂ ನೋಡಿರಲಿಲ್ಲ.

ವಾಪಸ್ ಬರುವಾಗ ಹಾಡಿಲ್ಲ. “ತಿರುವಿನಲ್ಲಿ ಓಡಿ ಅಭ್ಯಾಸ ಇಲ್ಲ ನಿಂಗೆ, ಅದಕ್ಕೇ” ಎಂದು ಕೋಚಮ್ಮ ಸಮಾಧಾನ ಹೇಳಿದರು. ತಂತಿ ಕಿಟಕಿಯ ಕಡೆ ನೋಡುತ್ತ, “ಕಾಲು ಕೈಕೊಡ್ತು ಮಿಸ್” ಎಂದಳು. ಅಷ್ಟೇ. ಮರುದಿನದಿಂದ ಚೀಟಿಯೂ ಇಲ್ಲ, ಅವಳೂ ಇಲ್ಲ. ಗೋಡೆ ಮೇಲೂ ಬಂದು ಕೂತಿಲ್ಲ.

ತಿರುವೆಂದರೆ ನಾನೂ ನಂಬುತ್ತಿದ್ದೆ. ಆದರೆ ನೂರು ಮೀಟರಿನ ಮೂವರು ಓಡಿದ್ದು ನೇರ ಪಟ್ಟಿಯಲ್ಲಿ, ಅವರೂ ಒಬ್ಬೊಬ್ಬರು ಅರ್ಧ ಅರ್ಧ ಸೆಕೆಂಡು ಹಿಂದೆ ಬಿದ್ದಿದ್ದರು. ನಿನ್ನೆ ಒಬ್ಬ ಬಡಗಿಯ ಕೈಕಾಲು ಹಿಡಿದು ಟೇಪ್ ತಂದೆ. ಐದು ಮೀಟರು, ಮೂವತ್ತೆಂಟು ಸಲ. ಮೂವತ್ತೊಂಬತ್ತನೇ ಸಲ ನಾಲ್ಕು ಮೀಟರಿಗೆ ಕೆಂಪು ಗೂಟ ಬಂದುಬಿಟ್ಟಿತು.

ನಮ್ಮ ಇನ್ನೂರು ಮೀಟರು ನೂರ ತೊಂಬತ್ತನಾಲ್ಕೇ ಮೀಟರು.

ಪರೀಕ್ಷೆ ಮಾಡಿರಲಿಲ್ಲ. ಟೇಪ್ ಹುಡುಕಿಕೊಂಡು ಹೋಗುವುದಾದರೆ ತಮ್ಮ ಸರಪಳಿ ಯಾಕೆ ಎಂದು ಜಾಣತನ ಮಾಡಿದ್ದೆ. ಯಾರಿಗೂ ಇನ್ನೂ ಹೇಳಿಲ್ಲ. ಚಳಿಗೆ ಕುಗ್ಗಿತೆಂದು ತಾವು ಒಂದು ಮಾತು ಬರೆದರೆ ತುಂಬ ಉಪಕಾರ.

ಮೊಮ್ಮಗಳು

*

ಮಾರ್ಚ್ ೧೨

ಪುಟ್ಟ ಕಪಿಗೆ,

ಇಪ್ಪತ್ತು ಮೀಟರಿನ ಸರಪಳಿ ಹತ್ತು ಡಿಗ್ರಿ ಚಳಿಗೆ ಎರಡು ಮಿಲಿಮೀಟರು ಕುಗ್ಗುತ್ತದೆ. ಅರುವತ್ತು ಸೆಂಟಿಮೀಟರು ಕುಗ್ಗಬೇಕಾದರೆ ನೀವೆಲ್ಲ ಹೆಪ್ಪುಗಟ್ಟಿ ಸತ್ತಿರಬೇಕು.

ಅರುವತ್ತು ಅಂದರೆ ಸರಿಯಾಗಿ ಮೂರು ಕೊಂಡಿ. ಉಂಗುರದಿಂದ ಉಂಗುರಕ್ಕೆ ಐದೈದು ಕೊಂಡಿ ಇರಬೇಕು. ಎಣಿಸು. ಎಲ್ಲಿ ಕಡಿಮೆ ಇದೆ ನೋಡಿ ತಕ್ಷಣ ಬರೆ.

ಕೋಚಮ್ಮನಿಗೆ ಮೊದಲು ಹೇಳು. ನನಗೆ ಆಮೇಲೆ.

ತಾತ

*

ಮಾರ್ಚ್ ೧೯

ಮಾನ್ಯರೇ,

ತಮ್ಮ ಆದೇಶದ ಮೇರೆಗೆ ಎಣಿಸಲಾಯಿತು. ಒಂದು ಕಡೆಯ ಹಿಡಿಯಿಂದ ಮೊದಲ ಉಂಗುರದವರೆಗೆ ಐದು ಕೊಂಡಿಗಳ ಬದಲು ಎರಡೇ ಇವೆ. ಉಳಿದೆಡೆ ಸರಿಯಿದೆ. ಕಾರಣ ತಿಳಿದುಬಂದಿಲ್ಲ.

ತಮ್ಮ ವಿಧೇಯ,
ಉಸ್ತುವಾರಿ

*

ಮಾರ್ಚ್ ೨೬

ಪುಟ್ಟ ಕಪಿಗೆ,

ಕಾರಣ ನನಗೆ ತಿಳಿದಿದೆ. ನಿನ್ನ ಕಾರ್ಡು ಬಂದ ದಿನದಿಂದ ಬೇರೆ ಯೋಚನೆ ಇಲ್ಲ. ಚಿಕ್ಕಮ್ಮನಿಗೂ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ.

ಕೆಲಸದ ಕೊನೆಯ ವರ್ಷ ಸರಪಳಿ ಒಂದು ಗಾಡಿಯ ಚಕ್ರಕ್ಕೆ ಸಿಕ್ಕಿ, ಹಿಡಿಯ ಹತ್ತಿರ ಕಿತ್ತುಹೋಯಿತು. ಕಮ್ಮಾರನ ಹತ್ತಿರ ಕೊಟ್ಟು ಜೋಡಿಸಿ ತಂದೆ. ಮಾರನೆಯ ತಿಂಗಳು ಪರೀಕ್ಷೆ ಮಾಡಬೇಕಿತ್ತು. ಆಫೀಸಿಗೆ ಹೊಸ ಕಟ್ಟಡ ಕಟ್ಟುತ್ತಿದ್ದರು, ನಮ್ಮ ಪರೀಕ್ಷೆಯ ಕಲ್ಲುಗಳ ಮೇಲೆ ಮರಳು ಸುರಿದಿದ್ದರು. ತೆಗೆಸಿ ಎಂದು ಎರಡು ಸಲ ಬರೆದೆ. ಯಾರೂ ತೆಗೆಸಲಿಲ್ಲ. ನಾನು ಪುಸ್ತಕದಲ್ಲಿ “ಸರಿಯಿದೆ” ಎಂದು ಬರೆದು ಸಹಿ ಹಾಕಿದೆ. ಕೆಳಗೆ ಎರಡು ಗೆರೆ. ನಿವೃತ್ತಿಯವರೆಗೆ ಎಂಟು ತಿಂಗಳು, ಎಂಟು ಸಹಿ. ಒಂದು ಸಲವೂ ಪರೀಕ್ಷೆ ಮಾಡಲಿಲ್ಲ.

ಆ ಕಮ್ಮಾರ ಮೂರು ಕೊಂಡಿ ಬಿಟ್ಟು ಜೋಡಿಸಿದ್ದಾನೆ. ನಾವು ಬಿಲ್ಲೆ ನೋಡಿ ಓದುವವರು, ಕೊಂಡಿ ಎಣಿಸುವವರು ಯಾರು?

ಆ ಎಂಟು ತಿಂಗಳಲ್ಲಿ ಮಾಡಿದ್ದೆಲ್ಲ ದೊಡ್ಡ ಕೆಲಸವಲ್ಲ, ಹೆಚ್ಚಿನವು ಖಾಲಿ ಜಾಗ. ಒಂದು ಮಾತ್ರ ಮರೆಯಲಾಗುತ್ತಿಲ್ಲ. ಅಣ್ಣ ತಮ್ಮ ಇಬ್ಬರು, ಅಕ್ಕಪಕ್ಕ ಮನೆ. ಅಣ್ಣ ದರ್ಜಿ, ತಮ್ಮ ಸೈಕಲ್ ರಿಪೇರಿಯವನು. ಅಣ್ಣನ ಮೆಟ್ಟಿಲು ತನ್ನ ಜಾಗಕ್ಕೆ ಬಂದಿದೆಯೆಂದು ತಮ್ಮನ ತಕರಾರು. ಮೂಲೆಯ ಕಲ್ಲಿನಿಂದ ಒಂದು ಸರಪಳಿ ಎಳೆದೆ. ಮೆಟ್ಟಿಲು ಒಂದಡಿ ಆಚೆ ಬಂತು. ಅಣ್ಣ “ಇನ್ನೊಂದ್ಸಲ ನೋಡಿ ಸಾರ್” ಎಂದ. ನಾನು “ಸರಪಳಿ ಸುಳ್ಳು ಹೇಳಲ್ಲ” ಎಂದೆ. ನನ್ನ ಎದುರಿಗೇ ಕೆಡವಿಸಿದೆ. ಅಂದಿನಿಂದ ಅವರಿಬ್ಬರಿಗೆ ಮಾತಿಲ್ಲವೆಂದು ಕೇಳಿದ್ದೇನೆ. ಹದಿನೈದು ವರ್ಷ.

ಅರುವತ್ತು ಸೆಂಟಿಮೀಟರು ಅಂದರೆ ಎರಡಡಿ. ಮೆಟ್ಟಿಲು ಅಣ್ಣನ ಜಾಗದಲ್ಲೇ ಇತ್ತು.

ನಿನ್ನ ಹುಡುಗಿ ಕಾಲಿನ ಮೇಲೆ ತಪ್ಪು ಹೊರಿಸಿಕೊಂಡು ಮನೆಯಲ್ಲಿ ಕೂತಿದ್ದಾಳೆ. ಅದೂ ಈ ಸಹಿಗಳ ಫಲವೇ. ಅವಳಿಗೆ ನನ್ನ ಹೆಸರಿನಲ್ಲಿ ಹೇಳು.

ಏಪ್ರಿಲ್ ಎಂಟಕ್ಕೆ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತೇನೆ. ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಬೇಕು.

ತಾತ

*

ಏಪ್ರಿಲ್ ೩

ಪರಮಪೂಜ್ಯ, ಪರಮಹಠಮಾರಿ ತಾತನವರಿಗೆ,

ತಾವು ಎಲ್ಲಿಗೂ ಹೋಗತಕ್ಕದ್ದಲ್ಲ. ಇದು ಆಜ್ಞೆ. ಎಪ್ಪತ್ತೈದು ವರ್ಷ, ಊದಿದ ಕಾಲು (ಎಡವೋ ಬಲವೋ), ಐದು ಗಂಟೆಯ ಬಸ್ಸು! ಚಿಕ್ಕಮ್ಮನಿಗೆ ಫೋನು ಮಾಡಿ ತಮ್ಮ ಊರುಗೋಲನ್ನು ಬೀರುವಿನ ಹಿಂದೆ ಅಡಗಿಸಿಡಲು ಹೇಳಿದ್ದೇನೆ. ಯಾಕೆಂದು ಕೇಳಿದರು. “ಏನಿಲ್ಲ” ಎಂದೆ. ಹದಿನೈದು ವರ್ಷದ ಹಿಂದಿನ ಮೆಟ್ಟಿಲು ಈಗ ಯಾರಿಗೆ ಬೇಕು? ಕಮ್ಮಾರನದೇ ತಪ್ಪೆಂದು ಹೇಗೆ ಹೇಳುತ್ತೀರಿ? ಇಲಿ ತಿಂದಿರಬಹುದು. ಸ್ವಲ್ಪ ದಿನ ಯೋಚಿಸಿ. ನಾನೂ ಯೋಚಿಸುತ್ತಿದ್ದೇನೆ.

ಇಲ್ಲಿಯ ವರದಿ: ಕೋಚಮ್ಮನಿಗೆ ಹೇಳಿದೆ. ಬೈಯುತ್ತಾರೆಂದು ಕಾದೆ. ಸ್ಟಾಪ್‌ವಾಚನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು. “ಗೂಟ ಸರಿ ಮಾಡು. ವಸತಿಶಾಲೆಗೆ ನಾನು ಬರೀತೀನಿ. ತಂತಿಗೆ ನೀನೇ ಹೋಗಿ ಹೇಳು” ಎಂದರು.

ಶೆಡ್ಡಿಗೆ ಹೋದೆ. ತಂತಿ ಒಂದು ರಾಶಿ ಹಳೇ ವೈರಿನ ನಡುವೆ ಕೂತು ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಮೈದಾನದ ಅಳತೆ ಆರು ಮೀಟರು ತಪ್ಪಿತ್ತು ಎಂದೆ. ತುಂಬ ಚೆನ್ನಾಗಿ ಸಿದ್ಧ ಮಾಡಿಕೊಂಡ ಭಾಷಣವಿತ್ತು, ಅದು ಅಷ್ಟಕ್ಕೇ ಮುಗಿದುಹೋಯಿತು.

“ಅಂದ್ರೆ ಇಪ್ಪತ್ತೆಂಟೂ ಆರು ಸುಳ್ಳಾ?”

“ಸುಳ್ಳು.”

“ಇಪ್ಪತ್ತೊಂಬತ್ತೂವರೆ?”

“ಅದು ನಿಜ.”

ಕೈಯಲ್ಲಿದ್ದ ವೈರನ್ನು ಪೂರ್ತಿ ಸುಲಿದು, ತಾಮ್ರವನ್ನು ಒಂದು ಕಡೆ ಎಸೆದಳು. “ಹಂಗಾದ್ರೆ ನಾನು ಅವತ್ತು ನಿಧಾನ ಆಗಿಲ್ಲ. ಮೊದಲಿಂದಾನೂ ಅಷ್ಟೇ ಓಡ್ತಿದ್ದೆ.”

“ಹೌದು.”

“ಕಾಲು ಕೈಕೊಡಲಿಲ್ಲ.”

“ಇಲ್ಲ.”

“ಅರ್ಧ ಸೆಕೆಂಡು ತಾನೇ ಕಮ್ಮಿ ಮಾಡಬೇಕಾಗಿರೋದು?” ಎಂದಳು. “ಮುಂದಿನ ಸಲ ಯಾವಾಗ?”

ಆಗಸ್ಟಿನಲ್ಲಿ ಎಂದೆ. ಅವಳ ಅಪ್ಪ ತಕ್ಕಡಿಯ ಹಿಂದಿನಿಂದ ಎಲ್ಲ ಕೇಳಿಸಿಕೊಂಡಿದ್ದರು. “ಅಳತೆ ತಪ್ಪು ಅಂತ ಯಾರೂ ಇಲ್ಲಿಗೆ ಬಂದು ಹೇಳಿದ್ದಿಲ್ಲ ನೋಡಮ್ಮ. ಆಗಸ್ಟ್‌ವರೆಗೂ ಬರ್ಲಿ” ಎಂದರು. ಸೋಮವಾರ ತಂತಿ ಬಂದಳು, ಚೀಟಿ ತಂದಳು. ಜೊತೆಗೆ ಗುಜರಿಯಲ್ಲಿ ಸಿಕ್ಕ, ಅಂಚು ಮುರಿದ ಒಂದು ಉಕ್ಕಿನ ಟೇಪನ್ನೂ ತಂದಳು. ಈಗ ಓಡುವ ಮೊದಲು ಗೂಟವನ್ನು ತಾನೇ ಅಳೆಯುತ್ತಾಳೆ. ನನ್ನನ್ನು ನಂಬುವುದಿಲ್ಲ. ತಾವು ಅವಳನ್ನು ಕಂಡರೆ ತುಂಬ ಮೆಚ್ಚುತ್ತೀರಿ.

ದಯವಿಟ್ಟು ಹೋಗಬೇಡಿ.

ಮೊಮ್ಮಗಳು

*

ಏಪ್ರಿಲ್ ೧೫

ಪುಟ್ಟ ಕಪಿಗೆ,

ಊರುಗೋಲು ಬೀರುವಿನ ಹಿಂದೆ ಸಿಕ್ಕಿತು. ಹೋಗಿ ಬಂದೆ.

ದರ್ಜಿಯ ಮನೆಯನ್ನು ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಬಾಗಿಲ ಮುಂದೆ ಮೆಟ್ಟಿಲಿಲ್ಲ, ಒಂದು ಮರದ ಪೆಟ್ಟಿಗೆ ಇದೆ. ಹದಿನೈದು ವರ್ಷದಿಂದ ಅದರ ಮೇಲೆ ಕಾಲಿಟ್ಟು ಮನೆಯೊಳಗೆ ಹತ್ತುತ್ತಾನೆ. ನಾನೂ ಹಾಗೇ ಹತ್ತಿದೆ, ಪೆಟ್ಟಿಗೆ ಅಲ್ಲಾಡಿತು.

ತಮ್ಮನನ್ನೂ ಕರೆಸಿ ಎಂದೆ. ದರ್ಜಿ “ನಾನು ಕರೆಯಲ್ಲ” ಎಂದ. ನಾನೇ ಇಳಿದು ಪಕ್ಕಕ್ಕೆ ಹೋಗಿ ಕರೆತಂದೆ. ಅವನು ಹೊಸ್ತಿಲು ದಾಟಲಿಲ್ಲ, ಹೊರಗೇ ಎಣ್ಣೆ ಕೈ ಒರೆಸಿಕೊಳ್ಳುತ್ತ ನಿಂತ. ಇಬ್ಬರ ಕೂದಲೂ ಬೆಳ್ಳಗಾಗಿದೆ.

ಹೇಳಿದೆ. ಕಲ್ಲು, ಮರಳು, ಎಂಟು ಸಹಿ, ಮೂರು ಕೊಂಡಿ, ಎಲ್ಲವನ್ನೂ. ನಾನು ಪರೀಕ್ಷೆ ಮಾಡದೆ ಸಹಿ ಹಾಕಿದೆ, ನಿನ್ನ ಮೆಟ್ಟಿಲ ಜಾಗ ನಿನ್ನದೇ ಎಂದು ದರ್ಜಿಗೆ ಹೇಳಿದೆ.

ತಮ್ಮ “ಹದಿನೈದು ವರ್ಷ ನಾನೇ ಸರಿ ಅಂದ್ಕೊಂಡಿದ್ದೆ ಸಾರ್” ಎಂದ. ಆಮೇಲೆ ಅಣ್ಣನ ಮುಖ ನೋಡದೆ, ಪೆಟ್ಟಿಗೆಯನ್ನು ನೋಡುತ್ತ, “ನಾಳೆ ಇಟ್ಟಿಗೆ ತರಿಸ್ತೀನಿ” ಎಂದ.

“ಬೇಡ ಬಿಡು. ಪೆಟ್ಟಿಗೇನೇ ಅಭ್ಯಾಸ ಆಗಿದೆ” ಎಂದ ದರ್ಜಿ.

“ಬಿದ್ರೆ ಆಸ್ಪತ್ರೆಗೆ ಹೊತ್ಕೊಂಡು ಹೋಗೋನು ಯಾರು? ನಾನೇ ತಾನೆ?”

“ಹದಿನೈದು ವರ್ಷ ಬಿದ್ದಿಲ್ಲ.”

“ಈಗ ಮುದುಕ ಆಗಿದೀಯ.”

“ನೀನೇನು ಹುಡುಗನಾ?”

ಹೀಗೆ ಸುಮಾರು ಒಂದು ಗಂಟೆ. ನಾನು ನಡುವೆ ಕೂತಿದ್ದೆ, ನನ್ನನ್ನು ಇಬ್ಬರೂ ಮರೆತಿದ್ದರು. ಬಸ್ಸಿಗೆ ಇಬ್ಬರೂ ಬಂದು ಹತ್ತಿಸಿದರು. ನಿನ್ನೆ ದರ್ಜಿಯ ಕಾಗದ ಬಂತು. ಪಾಯ ಹಾಕಿದ್ದಾರಂತೆ. ಮೂರು ಮೆಟ್ಟಿಲು.

ತಪ್ಪೊಪ್ಪಿಕೊಳ್ಳುವುದು ಇಷ್ಟು ಹಗುರವೆಂದು ಗೊತ್ತಿದ್ದರೆ ಎಂದೋ ಹೇಳುತ್ತಿದ್ದೆ. ಕಾಲಿನ ಊತ ಕೂಡ ಇಳಿದಿದೆ.

ಒಂದು ಮಾತು. ನೀನು ಚಿಕ್ಕಂದಿನಿಂದ ನನಗೆ “ನೀನು” ಎನ್ನುವವಳು. ಹೂಜಿ ಒಡೆದ ದಿನ, ರೇಡಿಯೋ ಬಿಚ್ಚಿದ ದಿನ ಮಾತ್ರ “ತಾವು” ಎನ್ನುತ್ತಿದ್ದೆ. ಜನವರಿಯಲ್ಲಿ ತಮಾಷೆಯೆಂದುಕೊಂಡೆ. ಮಾರ್ಚಿನ ಕಾರ್ಡಿನಲ್ಲಿ ತಮಾಷೆ ಕಾಣಲಿಲ್ಲ. ಕೆಲಸದಲ್ಲಿ ಏನಾದರೂ ತೊಂದರೆ ಇದ್ದರೆ ಬರೆ.

ತಾತ

*

ಏಪ್ರಿಲ್ ೨೪

ತಾತ,

ಇದು ಐದನೇ ಹಾಳೆ. ಮೊದಲ ನಾಲ್ಕರಲ್ಲಿ ಬಿರುದುಗಳಿದ್ದವು, ಹರಿದುಹಾಕಿದೆ.

ಮೊದಲು ಸುದ್ದಿ. ತಂತಿ ನಿನ್ನೆ ಇಪ್ಪತ್ತೊಂಬತ್ತು ಸೆಕೆಂಡು, ಮೂರು ಹತ್ತಂಶದಲ್ಲಿ ಓಡಿದಳು. ತಾನೇ ಅಳೆದ ಇನ್ನೂರು ಮೀಟರು, ಅದರಲ್ಲಿ ಮೋಸವಿಲ್ಲ. ಇನ್ನು ಮೂರು ಹತ್ತಂಶ, ಇನ್ನು ಮೂರೂವರೆ ತಿಂಗಳು. ವಸತಿಶಾಲೆಯವರು ಕೋಚಮ್ಮನ ಕಾಗದಕ್ಕೆ ಉತ್ತರ ಬರೆದಿದ್ದಾರೆ. ಆಗಸ್ಟಿನಲ್ಲಿ ನಮ್ಮ ಅರ್ಜಿಗಳನ್ನು ತೆಗೆದುಕೊಳ್ಳುತ್ತಾರಂತೆ, ಆದರೆ ದೃಢಪಡಿಸುವ ಸಹಿ ಬೇರೆ ಯಾರದಾದರೂ ಇರಬೇಕಂತೆ. ನ್ಯಾಯ.

ನಿನ್ನ ಕಾಗದ ಬಂದ ದಿನ ನಾನು ಸಲಕರಣೆ ಕೋಣೆಯಲ್ಲಿ ಸರಪಳಿಯನ್ನು ಮಡಚಿ ಗೋಣಿಯಲ್ಲಿ ಸುತ್ತುತ್ತಿದ್ದೆ, ನಿನಗೆ ವಾಪಸ್ ಕಳಿಸಲು. ತಂತಿ ಷೂ ಕೊಡಲು ಬಂದಳು. ನೀನು ಬರೆದ ಕಮ್ಮಾರನ ಕಥೆಯನ್ನು ಅವಳಿಗೆ ಮೊದಲೇ ಹೇಳಿದ್ದೆ. ಹಿಡಿಯ ಹತ್ತಿರ ಕೂತು, ಆ ಎರಡೇ ಕೊಂಡಿ ಇರುವ ಜಾಗವನ್ನು ಬೆರಳಿನಲ್ಲಿ ತಿರುಗಿಸಿ ನೋಡಿದಳು.

“ಕೊಂಡಿ ತೆಗ್ದೋರು ಕಮ್ಮಾರ ಅಲ್ಲ ಅಕ್ಕ.”

“ಯಾಕೆ?”

“ಇಲ್ಲಿ ನೋಡಿ, ಈ ಪಕ್ಕದ ಕೊಂಡಿ. ಇದು ಕಮ್ಮಾರನ ಕೆಲಸ, ಕಾಯಿಸಿ ಕೂಡಿಸಿದಾನೆ, ಗಟ್ಟಿಯಾಗಿದೆ. ಅದರ ಮುಂದಿನ ಬಳೆ ನೋಡಿ. ಇಕ್ಕಳದಲ್ಲಿ ಹಿಚುಕಿ ಬಿಡಿಸಿದಾರೆ. ಹಲ್ಲಿನ ಗುರುತು ಸೊಟ್ಟಪಟ್ಟ ಇದೆ. ಕೈಯಲ್ಲಿ ಶಕ್ತಿ ಇಲ್ಲದೋರು ಮಾಡಿರೋದು. ಚಿಕ್ಕ ಮಕ್ಕಳು.”

ನಾನು ಷೂ ಎಣಿಸತೊಡಗಿದೆ. ಮೂವತ್ತೊಂದು ಜೊತೆ ಎಂದು ನನಗೆ ಚೆನ್ನಾಗಿ ಗೊತ್ತು, ಆದರೂ ಎಣಿಸಿದೆ. ಅವಳು ಎದ್ದು ಬಂದು ನನ್ನ ಕೊರಳಿನ ಸೀಟಿಯನ್ನು ಹಿಡಿದು, ಅದರ ಕೊಕ್ಕೆಯನ್ನು ಉಗುರಿನಿಂದ ಕೆರೆದಳು. ಗುಜರಿಯವರ ಮಗಳ ಮುಂದೆ ಕಬ್ಬಿಣದ ವಿಷಯದಲ್ಲಿ ಸುಳ್ಳು ನಡೆಯುವುದಿಲ್ಲ ತಾತ.

“ಅದೇ ಮಾಲು” ಎಂದಳು.

ಹೋಗುವಾಗ ಬಾಗಿಲಲ್ಲಿ ನಿಂತು, “ನಂಗೆ ಶೆಡ್ಡಿಗೇ ಬಂದು ಹೇಳಿದ್ರಲ್ಲ ಅಕ್ಕ. ತಾತಂಗೆ ಕಾಗದದಲ್ಲಿ ಬರೆಯಕ್ಕೆ ಏನು ಕಷ್ಟ?” ಎಂದಳು.

ನಾನು ಒಂಬತ್ತು ವರ್ಷದವಳಿದ್ದೆ. ನೀನು ಕೆಲಸ ಬಿಟ್ಟು ಮನೆಗೆ ಬಂದು ಒಂದು ವರ್ಷವಾಗಿತ್ತು. ರಿಮ್ಮು ಸಿಕ್ಕಿತ್ತು, ತಳ್ಳಲು ಕೋಲಿರಲಿಲ್ಲ. ನೀನು ಊಟ ಮಾಡಿ ಮಲಗಿದ್ದ ಮಧ್ಯಾಹ್ನ ಸ್ಟೂಲು ಹಾಕಿ ಹತ್ತಿ ಸರಪಳಿಗೆ ಇಕ್ಕಳ ಹಾಕಿದೆ. ಒಂದು ಕೊಂಡಿ ಗಿಡ್ಡವಾಯಿತು, ಎರಡೂ ಸಾಲಲಿಲ್ಲ, ಮೂರನ್ನು ತುದಿಗೆ ತುದಿ ಬಿಗಿದರೆ ಸರಿಯಾಗಿ ನನ್ನ ಇಳಿಬಿಟ್ಟ ಕೈಯಿಂದ ನೆಲಕ್ಕೆ ಬಂತು. ಹಿಡಿಯನ್ನು ಉಳಿದ ಕೊಂಡಿಗೆ ಮತ್ತೆ ಸಿಕ್ಕಿಸಿ ಇಳಿದೆ. ಆ ಬೇಸಿಗೆಯಿಡೀ ನಿನ್ನ ಮುಂದೆಯೇ ಅದನ್ನು ಹಿಡಿದು ಓಡಿದೆ. ಇಲ್ಲಿ ಪಟ್ಟಿ ಅಳೆಯುವಾಗ ಇದು ನೆನಪಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಕೊಂಡಿ ಎಣಿಸುವಾಗ ಎರಡಕ್ಕೆ ಬೆರಳು ನಿಂತಿತಲ್ಲ, ಆಗ ನೆನಪಾಯಿತು. ನಿನಗೆ ಕಾರ್ಡು ಬರೆದದ್ದು ಅದಾದ ಮೇಲೆ.

ಪರೀಕ್ಷೆ ಮಾಡದೆ ಸಹಿ ಹಾಕಿದ್ದು ನಿನ್ನ ತಪ್ಪು, ನಾನೂ ಹಾಗೆಯೇ ಹಾಕಿದೆ. ಆದರೆ ನೀನು ಎಳೆದ ಸರಪಳಿಯಲ್ಲಿ ನೂರು ಕೊಂಡಿ ಇದ್ದವು. ಕಮ್ಮಾರ ಸರಿಯಾಗಿಯೇ ಜೋಡಿಸಿದ್ದ. ನಿನ್ನ ಅಳತೆ ಸರಿಯಿತ್ತು, ಮೆಟ್ಟಿಲು ಇದ್ದದ್ದು ತಮ್ಮನ ಜಾಗದಲ್ಲೇ. ಈಗ ಅವನೇ ಇಟ್ಟಿಗೆ ತಂದು ಕಟ್ಟಿಸುತ್ತಿದ್ದಾನೆ. ಅವರಿಗೆ ಇದನ್ನು ಹೇಳುವುದೋ ಬಿಡುವುದೋ, ನಾನು ಯೋಚಿಸಿ ಯೋಚಿಸಿ ಸಾಕಾಗಿ ನಿನಗೆ ಒಪ್ಪಿಸುತ್ತಿದ್ದೇನೆ. ಗಡಿಯ ವಿಷಯವೆಲ್ಲ ನಿನ್ನ ಇಲಾಖೆ.

ಎರಡು ಕೊಂಡಿ ಎಲ್ಲಿ ಹೋದವೋ ಗೊತ್ತಿಲ್ಲ. ಮೂರನೆಯದನ್ನು ಈ ಲಕೋಟೆಯಲ್ಲಿಟ್ಟು ಕಳಿಸುತ್ತೇನೆಂದು ತಂತಿಗೆ ಮಾತು ಕೊಟ್ಟಿದ್ದೆ. ಇಟ್ಟಿಲ್ಲ. ಇವತ್ತು ಸಂಜೆಯ ಓಟಕ್ಕೆ ಸೀಟಿ ಬೇಕು.

ನಿನ್ನ ಕಪಿ